ಕತ್ತರಿ ಮೇಜಿನ ಎತ್ತರ

ಸೊಂಟ ನೋವು ಅಂತ ಒಮ್ಮೆ ಬಾಯಿ ಬಿಟ್ಟು ನೋಡಿ, ಊರಿನಲ್ಲಿ ಎಷ್ಟು ಜನ ವೈದ್ಯರಿದ್ದಾರೆ ಅಂತ ಗೊತ್ತಾಗುತ್ತದೆ. ನಮ್ಮ ಯಜಮಾನರಿಗೆ ನೋವು ಶುರುವಾದ ಮೊದಲ ವಾರವೇ ಅಂಗಡಿಗೆ ಬಂದ ಗಿರಾಕಿಗಳೆಲ್ಲ ಅಳತೆ ಕೊಡುವುದು ಬಿಟ್ಟು ಔಷಧಿ ಹೇಳತೊಡಗಿದರು. ನೆಲದ ಮೇಲೆ ಮಲಗಿ ಎಂದರು ಒಬ್ಬರು. ನೆಲ ಬೇಡವೇ ಬೇಡ, ದಪ್ಪ ಹಾಸಿಗೆ ಕೊಳ್ಳಿ ಎಂದರು ಇನ್ನೊಬ್ಬರು. ಬಿಸಿ ನೀರಿನ ಚೀಲ ಇಡಿ, ಐಸ್ ಇಡಿ, ಎಣ್ಣೆ ಹಚ್ಚಿ, ಎಣ್ಣೆ ಮುಟ್ಟಲೇಬೇಡಿ. ಪ್ಯಾಂಟ್ ಹೊಲಿಸಲು ಬಂದ ಮೇಷ್ಟ್ರೊಬ್ಬರು ಅಂಗಿ ಎತ್ತಿ ತಾವು ಕಟ್ಟಿಕೊಂಡಿದ್ದ ಸೊಂಟದ ಬೆಲ್ಟ್ ತೋರಿಸಿದ್ದಲ್ಲದೆ ಅದನ್ನು ಬಿಚ್ಚಿ ಇವರಿಗೆ ಕಟ್ಟಿಬಿಡಲು ನೋಡಿದರು. ಗುಂಡಿ ಹಾಕುತ್ತ ಕೂತಿದ್ದ ನಾನು ಅಲ್ಲಿಂದಲೇ, ನಿಮ್ಮ ಬೆಲ್ಟ್ ಇವರಿಗೆ ಕೊಟ್ಟರೆ ನಿಮ್ಮ ಸೊಂಟಕ್ಕೆ ಯಾರು ದಿಕ್ಕು ಮೇಷ್ಟ್ರೇ ಎಂದೆ. ಅವರು ಅಂಗಿ ಇಳಿಸಿದರು.

ಅಷ್ಟು ಜನರಲ್ಲಿ ಒಬ್ಬರೂ ಮೇಜಿನ ಕಡೆ ನೋಡಲಿಲ್ಲ. ಬೇರೆಯವರನ್ನು ಅಂದು ಏನು ಬಂತು? ಹದಿನೇಳು ವರ್ಷ ಅದೇ ಅಂಗಡಿಯಲ್ಲಿ, ಅದೇ ಮೇಜಿನ ಎದುರಿಗೆ ಗುಂಡಿ ತೂರಿಸುವ ಕಾಜಾ ಹೊಲಿಯುತ್ತ ಕೂತ ನಾನೇ ನೋಡಲಿಲ್ಲ.

ಅಂಗಡಿ ಅಂದರೆ ಒಂದೇ ಕೋಣೆ. ಒಂದು ಪಕ್ಕದಲ್ಲಿ ಗ್ಯಾರೇಜು, ಇನ್ನೊಂದು ಪಕ್ಕದಲ್ಲಿ ಜೆರಾಕ್ಸ್ ಅಂಗಡಿ. ಎರಡು ಮಿಷನ್ನು, ಹಿಂದೆ ಇಸ್ತ್ರಿ ಹಲಗೆ, ಮೂಲೆಗೆ ಒಂದು ಪರದೆ, ಪರದೆಯ ಹಿಂದೆ ಆಳೆತ್ತರದ ಕನ್ನಡಿ. ನಡುವೆ ಕತ್ತರಿಸುವ ಮೇಜು. ಬೋರ್ಡಿನ ಮೇಲೆ ಏನೇ ಬರೆದಿರಲಿ, ಜನ ಕರೆಯುವುದು ಗಿಡ್ಡ ಮಾಸ್ಟ್ರ ಅಂಗಡಿ ಎಂದೇ. ಗಿಡ್ಡ ಮಾಸ್ಟ್ರು ಅಂದರೆ ನಮ್ಮ ಭಾವ, ಇವರ ಅಣ್ಣ. ಅಳತೆಯ ಟೇಪನ್ನು ಕೊರಳಿಗೆ ಇಳಿಬಿಟ್ಟುಕೊಂಡರೆ ಅದರ ಎರಡೂ ತುದಿ ಅವರ ಮಂಡಿಯ ಹತ್ತಿರಕ್ಕೆ ಬರುತ್ತವೆ. ಇವರು ಉದ್ದ ಮಾಸ್ಟ್ರು. ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರುವ ಆಳು. ಒಬ್ಬ ತಾಯಿಯ ಮಕ್ಕಳು ಅಂದರೆ ಹೊಸಬರು ನಂಬುವುದಿಲ್ಲ.

ಇಬ್ಬರಿಗೂ ಹದಿನಾಲ್ಕು ವರ್ಷದ ಅಂತರ. ಇವರಿಗೆ ಐದು ವರ್ಷವಾಗಿದ್ದಾಗ ಅಪ್ಪ ಹೋದರು. ಭಾವ ಓದುವುದು ಬಿಟ್ಟು ಇನ್ನೊಬ್ಬರ ಅಂಗಡಿಯಲ್ಲಿ ಹೊಲಿಗೆ ಕಲಿತು, ತಮ್ಮನನ್ನು ಸಾಕಿ, ಇಪ್ಪತ್ತಾರನೇ ವಯಸ್ಸಿಗೆ ಸ್ವಂತ ಅಂಗಡಿ ತೆರೆದರು. ತೆರೆದಾಗ ಮೊದಲು ಮಾಡಿಸಿದ್ದೇ ಆ ಮೇಜು. ಗಿರಾಕಿಯ ಅಳತೆ ತೆಗೆಯುವ ಹಾಗೆ ತನ್ನ ಅಳತೆ ತಾನೇ ತೆಗೆದು, ನೆಲದಿಂದ ಇಷ್ಟು ಇಂಚು ಅಂತ ಬಡಗಿಗೆ ಚೀಟಿ ಬರೆದುಕೊಟ್ಟರಂತೆ. ದಪ್ಪ ಹಲಗೆ, ನಾಲ್ಕು ಕಂಬದಂಥ ಕಾಲು. ಅದರ ಮುಂದೆ ಭಾವ ನಿಂತರೆ ಕತ್ತರಿ ತಾನಾಗಿ ಓಡುತ್ತಿತ್ತು. ಇವರೂ ಹದಿಮೂರನೇ ವಯಸ್ಸಿಗೆ ಅದೇ ಮೇಜಿನ ಮುಂದೆ ನಿಂತರು. ಹದಿನೈದಕ್ಕೆ ಅಣ್ಣನನ್ನು ದಾಟಿ ಬೆಳೆದರು, ಹದಿನೆಂಟಕ್ಕೆ ಒಂದು ತಲೆ ಮೇಲೆ ಹೋದರು. ಮೇಜು ಇದ್ದಷ್ಟೇ ಇತ್ತು. ಇವರು ಬಗ್ಗಿದರು.

ನಾಲ್ಕು ವರ್ಷದ ಹಿಂದೆ ಭಾವನ ಕೈ ನಡುಗಲು ಶುರುವಾಯಿತು. ಮೊದಲು ಒಂದು ಕಾಲರ್ ಕೆಟ್ಟಿತು, ಆಮೇಲೆ ಒಂದು ಕೋಟಿನ ಮುಂಭಾಗ. ಯಾರೂ ಏನೂ ಅನ್ನಲಿಲ್ಲ, ಅವರೇ ಕತ್ತರಿ ಕೆಳಗಿಟ್ಟರು. ಆದರೆ ದಿನಾ ಹತ್ತು ಗಂಟೆಗೆ ಸರಿಯಾಗಿ ಅಂಗಡಿಗೆ ಬರುವುದು ತಪ್ಪಿಸಲಿಲ್ಲ. ಬಂದು ಕೈ ತೊಳೆದು, ಒರೆಸಿಕೊಂಡು, ಆ ದಿನದ ಮೊದಲ ಬಟ್ಟೆಯ ಮೇಲೆ ಸೀಮೆಸುಣ್ಣದ ಚಾಕ್ ಹಿಡಿದು ಮೊದಲ ಗೆರೆ ಎಳೆಯುತ್ತಿದ್ದರು. ಅದು ಅಂಗಡಿ ತೆರೆದ ದಿನದಿಂದ ಬಂದ ಪದ್ಧತಿ. ಗೆರೆ ಹಾವು ಹರಿದ ಹಾಗೆ ಬರುತ್ತಿತ್ತು. ಅವರು ಕುರ್ಚಿಗೆ ಹೋಗಿ ಪೇಪರ್ ಬಿಡಿಸಿಕೊಂಡ ಮೇಲೆ ಇವರು ಸದ್ದಿಲ್ಲದೆ ಬ್ರಷ್ಷಿನಿಂದ ಅದನ್ನು ಒರೆಸಿ, ಹೊಸ ಗೆರೆ ಎಳೆದು ಕತ್ತರಿಸುತ್ತಿದ್ದರು. ನಾನು ಕಂಡೂ ಕಾಣದ ಹಾಗೆ ಇರುತ್ತಿದ್ದೆ. ಭಾವನೂ ಹಾಗೇ ಇದ್ದರೋ ಏನೋ.

ನೋವು ಶುರುವಾದದ್ದು ಹೋದ ವರ್ಷ. ಬೆಳಿಗ್ಗೆ ಕೆಳಗೆ ಬಿದ್ದ ಚಾಕ್ ಎತ್ತಿಕೊಳ್ಳಲು ಬಗ್ಗಿದವರು ಅಲ್ಲೇ ಉಳಿದರು. ನಾನು ಏನೋ ಹುಡುಕುತ್ತಿದ್ದಾರೆ ಅಂದುಕೊಂಡು ಇನ್ನೂ ನಾಲ್ಕು ಗುಂಡಿ ಹಾಕಿದೆ. ಆಮೇಲೆ ಮುಖ ನೋಡಿದರೆ ಬೆವರು ಸುರಿಯುತ್ತಿತ್ತು. ನಾನೂ ಗ್ಯಾರೇಜಿನವನೂ ಸೇರಿ ಎಬ್ಬಿಸಿ ಕೂರಿಸಿದೆವು. ಅಣ್ಣನಿಗೆ ಹೇಳಬೇಡ, ಬರೀ ಉಳುಕು ಎಂದರು. ಅಷ್ಟು ನೋವಿನಲ್ಲೂ ಬಾಯಿಂದ ಬಂದ ಮೊದಲ ಮಾತು ಅದು.

ಅಲ್ಲಿಂದ ಶುರುವಾಯಿತು ನಮ್ಮ ಪಾಡು. ಮುಲಾಮು ಹಚ್ಚಿದೆವು, ಬಿಸಿ ನೀರಿನ ಚೀಲ ಇಟ್ಟೆವು. ಹದಿನೈದು ದಿನ ಅಲುಗಾಡದೆ ಮಲಗಿದರೆ ಸರಿಹೋಗುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಒಂದು ವಾರ ನೆಲದ ಮೇಲೆ ಮಲಗಿದರು. ಎದ್ದಾಗ ಮೊದಲಿಗಿಂತ ಬಿಗಿಯಾಗಿತ್ತು. ಬೆಲ್ಟ್ ಕಟ್ಟಿದರು. ಕಟ್ಟಿದಾಗ ಹಾಯೆನಿಸಿತು ಅಂತ ಹೊತ್ತು ಹುಟ್ಟಿದಾಗಿಂದ ಮುಳುಗುವವರೆಗೂ ಕಟ್ಟಿಕೊಂಡೇ ಕೆಲಸ ಮಾಡಿದರು. ಮಾತ್ರೆ ನುಂಗಿ ನುಂಗಿ ಹೊಟ್ಟೆ ಉರಿಯಲು ಹತ್ತಿತು. ಕೊನೆಗೆ ಬೆನ್ನು ತುಳಿದು ಸರಿಮಾಡುವವನೊಬ್ಬನ ಹತ್ತಿರ ಹೋದರು. ನಾನು ಬೇಡವೆಂದೆ, ಸೊಪ್ಪು ಹಾಕಲಿಲ್ಲ. ಅವನು ಬೆನ್ನಿನ ಮೇಲೆ ನಿಂತು ಲಟ್ ಅನ್ನಿಸಿದನಂತೆ. ಅವತ್ತಿನಿಂದ ನೋವು ಸೊಂಟ ಬಿಟ್ಟು ಬಲಗಾಲಿನ ಹಿಂಭಾಗದಲ್ಲಿ ಹಿಮ್ಮಡಿಯವರೆಗೆ ಇಳಿಯಿತು. ಗಾಯದ ಮೇಲೆ ಬರೆ ಅಂದರೆ ಇದೇ.

ಆಗ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಸ್ಕ್ಯಾನ್ ಆಯಿತು. ಬೆನ್ನುಮೂಳೆಯ ನಡುವಿನ ಒಂದು ಡಿಸ್ಕ್ ಸ್ವಲ್ಪ ಉಬ್ಬಿ ಕಾಲಿಗೆ ಹೋಗುವ ನರವನ್ನು ಒತ್ತುತ್ತಿದೆ ಎಂದರು. ಕೊಯ್ಯಬೇಕಿಲ್ಲ, ಇಂಥ ಹತ್ತು ಜನರಲ್ಲಿ ಒಂಬತ್ತು ಜನರಿಗೆ ಚಾಕು ಇಲ್ಲದೆಯೇ ವಾಸಿಯಾಗುತ್ತದೆ, ಆದರೆ ಹೇಳಿದ್ದನ್ನು ಮಾಡಬೇಕು, ಅವಸರ ಮಾಡಬಾರದು ಎಂದರು. ಮಲಗಿಕೊಂಡಿರಬೇಡಿ, ನಡೆಯಿರಿ, ವ್ಯಾಯಾಮ ಮಾಡಿ, ಬಗ್ಗಿ ಭಾರ ಎತ್ತಬೇಡಿ. ಪಾದ ಎತ್ತಲು ಆಗದೆ ಹೋದರೆ, ಒಂದಕ್ಕೆ ಹೋಗುವುದು ಕಷ್ಟವಾದರೆ, ಕೂರುವ ಜಾಗ ಮರಗಟ್ಟಿದರೆ ಮಾತ್ರ ಒಂದು ಗಳಿಗೆಯೂ ತಡಮಾಡದೆ ಬನ್ನಿ ಎಂದರು.

ನನಗೋ, ಆಪರೇಷನ್ ಇಲ್ಲ ಅಂದ ತಕ್ಷಣ ಇದೇನು ದೊಡ್ಡ ಕಾಯಿಲೆಯಲ್ಲ ಅನ್ನಿಸಿಬಿಟ್ಟಿತು. ಇವರಿಗೂ ಹಾಗೇ. ಕೊಯ್ಯದೆ ಇರುವ ಚಿಕಿತ್ಸೆಯೇ ಹೆಚ್ಚು ಕಷ್ಟ ಅಂತ ಯಾರಿಗೆ ಗೊತ್ತಿತ್ತು? ಕೊಯ್ದರೆ ಡಾಕ್ಟರ ಕೆಲಸ, ಕೊಯ್ಯದಿದ್ದರೆ ನಮ್ಮ ಕೆಲಸ.

ಫಿಸಿಯೋಥೆರಪಿಯ ಹುಡುಗಿ ಚೂಟಿ. ಬೋರಲು ಮಲಗಿ ಕೈಯೂರಿ ಎದೆ ಎತ್ತುವುದು, ಮಂಡಿಯೂರಿ ಒಂದು ಕೈ ಮುಂದಕ್ಕೆ, ಎದುರಿನ ಕಾಲು ಹಿಂದಕ್ಕೆ ಚಾಚುವುದು, ಹೀಗೆ ಐದಾರು ಹೇಳಿಕೊಟ್ಟಳು. ನನ್ನ ಗಂಡನನ್ನು ನಾಲ್ಕು ಕಾಲಿನ ಮೇಲೆ ನೋಡುವ ಭಾಗ್ಯವೂ ಬಂತಲ್ಲ ಎಂದು ನಾನು ನಕ್ಕರೆ, ನಿನ್ನ ಕೈಗೆ ಸಿಕ್ಕಿದ ದಿನದಿಂದ ಹಾಗೇ ಇದ್ದೀನಿ ಎಂದರು. ನಗುತ್ತ ಮಾಡಿದ್ದು ಹತ್ತು ದಿನ. ನೋವು ಜಾಸ್ತಿ ಎಂದು ಹೇಳಿದಾಗ ಡಾಕ್ಟರು ಬೆನ್ನಿಗೆ ಒಂದು ಇಂಜೆಕ್ಷನ್ ಕೊಟ್ಟರು. ಇದು ವಾಸಿ ಮಾಡುವ ಮದ್ದಲ್ಲ, ನೋವು ತಗ್ಗಿರುವಾಗ ವ್ಯಾಯಾಮ ಮಾಡಿ ಬಲ ತಂದುಕೊಳ್ಳಲಿ ಅಂತ ಕೊಡುವುದು ಎಂದು ಎರಡು ಸಲ ಹೇಳಿದರು. ಇವರು ಕೋಲೆಬಸವನ ಹಾಗೆ ತಲೆಯಾಡಿಸಿದರು.

ನೋವು ನಿಂತಿತು. ಸ್ಕೂಲು ಶುರುವಾಗುವ ಕಾಲ, ಒಂದೇ ಸ್ಕೂಲಿನ ನಾನೂರು ಯೂನಿಫಾರ್ಮು ಒಪ್ಪಿಕೊಂಡಾಗಿತ್ತು. ಇವರು ವ್ಯಾಯಾಮವನ್ನು ಮೂಲೆಗೆ ತಳ್ಳಿ ಹನ್ನೊಂದು ದಿನ ಆ ಮೇಜಿನ ಮೇಲೆ ಬಗ್ಗಿ ಕತ್ತರಿಸಿದರು. ಗಾಳಿ ಬಂದಾಗ ತೂರಿಕೊಳ್ಳಬೇಕು ಎಂದು ನನಗೇ ಗಾದೆ ಹೇಳಿದರು. ನಾನೂ ಸುಮ್ಮನಿದ್ದೆ, ಸುಳ್ಳೇಕೆ ಹೇಳಲಿ. ಕತ್ತರಿಸಿ ಕೊಟ್ಟದ್ದನ್ನೆಲ್ಲ ಹೊಲಿಯುವ ಗಡಿಬಿಡಿಯಲ್ಲಿದ್ದೆ. ಹನ್ನೆರಡನೇ ದಿನ ಬೆಳಿಗ್ಗೆ ಹಾಸಿಗೆಯಿಂದ ಏಳಲಾಗಲಿಲ್ಲ.

ಮತ್ತೆ ಹೋದಾಗ ಆ ಹುಡುಗಿ ಬೈಯಲಿಲ್ಲ. ಕೆಲಸ ಮಾಡುವಾಗ ಹೇಗೆ ನಿಲ್ಲುತ್ತೀರೋ ಹಾಗೆ ಒಮ್ಮೆ ನಿಂತು ತೋರಿಸಿ ಎಂದಳು. ಅಲ್ಲಿದ್ದ ಮೇಜಿನ ಮುಂದೆ ಇವರು ನಿಂತರು. ಇದು ಎತ್ತರ ಆಯಿತು ಎಂದು ಪಕ್ಕದ ಮಂಚಕ್ಕೆ ಹೋದರು. ಅದೂ ಎತ್ತರ. ಕೊನೆಗೆ ಗಿಡ್ಡ ಸ್ಟೂಲು ಎರಡನ್ನು ಒಂದರ ಮೇಲೊಂದು ಇಟ್ಟು ಅದರ ಮೇಲೆ ಬಗ್ಗಿ, ಹೀಗೆ ಎಂದರು. ಆ ಹುಡುಗಿ ಇವರನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನನಗೆ ಆಗ ಹೊಳೆಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಎಂಟು ತಿಂಗಳಿಂದ ನಾವು ಬೆನ್ನಿಗೆ ಮದ್ದು ಮಾಡುತ್ತಿದ್ದೆವು. ಮೇಜು ಅಷ್ಟು ದಿನವೂ ನಮ್ಮ ಕಣ್ಣೆದುರಿಗೇ ಇತ್ತು.

ಟೇಪು ನನ್ನ ಚೀಲದಲ್ಲೇ ಇತ್ತು. ಆಕೆ ನೆಲದಿಂದ ಇವರ ಮೊಣಕೈಯ ಎತ್ತರ ಅಳೆದು, ನಮ್ಮ ಮೇಜಿನ ಎತ್ತರ ಕೇಳಿಕೊಂಡು, ಕಾಗದದ ಮೇಲೆ ಲೆಕ್ಕ ಹಾಕಿ, ಮೇಜನ್ನು ಏಳು ಇಂಚು ಎತ್ತರಿಸಿ ಎಂದಳು. ಆಯಿತು ಮೇಡಂ ಎಂದರು ಇವರು. ಅಂಗಡಿಗೆ ಬಂದು ಮಾಡಿದ್ದು ಏನೂ ಇಲ್ಲ.

ಮೇಜು ಎತ್ತರಿಸಿ ಎಂದು ನಾನು ಒಂದು ವಾರ ಮೆತ್ತಗೆ ಹೇಳಿದೆ, ಇನ್ನೊಂದು ವಾರ ಜೋರಾಗಿ ಹೇಳಿದೆ. ಒಂದು ದಿನ ಜಗಳವೇ ಆಯಿತು. ಭಾವ ಈಗ ಕತ್ತರಿಸುವುದಿಲ್ಲ, ಬರೀ ಒಂದು ಗೆರೆ ಎಳೆಯುತ್ತಾರೆ, ಆ ಗೆರೆಯನ್ನೂ ನೀವು ಅಳಿಸುತ್ತೀರಿ, ಅದಕ್ಕೋಸ್ಕರ ನಿಮ್ಮ ಬೆನ್ನು ಮುರಿದುಕೊಳ್ಳಬೇಕಾ ಎಂದು ಕೇಳಿದೆ.

ಇವರು ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟರು. ಆಮೇಲೆ, "ಮೇಜು ಎತ್ತರ ಮಾಡಿದ್ರೆ ಅವನ ಕೈ ಎಟುಕಲ್ಲ ಕಣೆ. ಅಂಗಡಿ ನಿಂದಲ್ಲ ಅಂತ ಅಣ್ಣಂಗೆ ನಾನು ಬಾಯಿ ಬಿಟ್ಟು ಹೇಳಿದ ಹಾಗೆ ಅದು," ಎಂದರು.

ಅವರ ಮಾತು ನನಗೆ ಅರ್ಥವಾಗಲಿಲ್ಲ ಅಂತಲ್ಲ. ಅರ್ಥವಾಯಿತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಅಣ್ಣ ತಮ್ಮಂದಿರ ಮರ್ಯಾದೆಯ ನಡುವೆ ನನ್ನ ಗಂಡನ ಸೊಂಟ ಅಡಕತ್ತರಿಯ ಅಡಿಕೆಯಾಗಿತ್ತು. ಭಾವನಿಗೆ ನಾನೇ ಹೇಳುತ್ತೇನೆ ಎಂದಾಗ, ಹೇಳಿದರೆ ನನ್ನಾಣೆ ಎಂದರು. ಭಾವನಿಗೆ ಆಸ್ಪತ್ರೆಯ ವಿಷಯ ಏನೂ ಗೊತ್ತಿರಲಿಲ್ಲ. ಉಳುಕು, ಚಳಿಗೆ ಹಿಡಿದುಕೊಂಡಿದೆ, ಹೀಗೆ ದಿನಕ್ಕೊಂದು ಸುಳ್ಳು ಹೇಳಿಕೊಂಡು ಬಂದಿದ್ದರು.

ಹೀಗೆ ಇನ್ನೊಂದು ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಊಟಕ್ಕೆ ಮನೆಗೆ ಹೋದವರು ವಾಪಸ್ ಬಂದಾಗ ನೋಡಿದರೆ ಬಲಗಾಲಿನಲ್ಲಿ ಚಪ್ಪಲಿ ಇಲ್ಲ. ಚಪ್ಪಲಿ ಎಲ್ಲಿ ಎಂದೆ. ಇವರೂ ಕೆಳಗೆ ನೋಡಿಕೊಂಡರು. ದಾರಿಯಲ್ಲಿ ಎಲ್ಲೋ ಕಳಚಿಹೋಗಿದೆ, ಬರಿಗಾಲಿನಲ್ಲಿ ಟಾರು ರಸ್ತೆಯ ಮೇಲೆ ನಡೆದು ಬಂದಿದ್ದಾರೆ, ಗೊತ್ತೇ ಆಗಿಲ್ಲ. ನಗಾಡಲು ನೋಡಿದರು. ನನಗೆ ಡಾಕ್ಟರು ಹೇಳಿದ್ದು ನೆನಪಾಯಿತು. ಅಲ್ಲೇ ಕೂರಿಸಿ ಹೆಬ್ಬೆರಳು ಮೇಲಕ್ಕೆ ಎತ್ತಿ ಎಂದೆ. ಎಡಗಾಲಿನದು ಎದ್ದಿತು, ಬಲಗಾಲಿನದು ಏಳಲಿಲ್ಲ. ಅದನ್ನು ನೋಡಿದ ಮೇಲೆ ಇವರ ಮುಖದಲ್ಲೂ ನಗು ಉಳಿಯಲಿಲ್ಲ.

ಅವತ್ತೇ ಆಟೋದಲ್ಲಿ ಡಾಕ್ಟರ ಹತ್ತಿರ ಹೋದೆವು. ಪಾದ ಪೂರ್ತಿ ಸೋತಿಲ್ಲ, ಬೆರಳಿನ ಬಲ ಮಾತ್ರ ಇಳಿದಿದೆ ಎಂದರು. ಮೂರು ವಾರ ನೋಡುತ್ತೇನೆ, ಅಷ್ಟರಲ್ಲಿ ಇನ್ನೂ ಇಳಿದರೆ ಕೊಯ್ಯಲೇಬೇಕು, ಕೊಯ್ದರೂ ಹೋದ ಬಲ ಪೂರ್ತಿ ಬರುತ್ತದೆ ಎಂದು ಬರೆದುಕೊಡಲಾರೆ ಎಂದರು. ಬಗ್ಗುವುದು ಇವತ್ತಿನಿಂದಲೇ ನಿಲ್ಲಬೇಕು ಎಂದರು. ಬರುವಾಗ ಇವರು ಆಟೋದ ಕಂಬಿ ಹಿಡಿದು ಹೊರಗೇ ನೋಡುತ್ತಿದ್ದರು. ನಿಂತು ಮಾಡುವ ಕೆಲಸ, ಕಾಲು ಹೋದರೆ ಏನು ಉಳಿಯುತ್ತದೆ?

ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವವರು ಯಾರು ಅಂತ ಕಾದರೆ ಮೂರು ವಾರ ಹಾಗೇ ಮುಗಿಯುತ್ತಿತ್ತು. ಅಂಗಡಿಗೆ ರಜೆಯಿರುವ ದಿನ ಇವರು ವ್ಯಾಯಾಮಕ್ಕೆ ಹೋದ ಹೊತ್ತಿಗೆ ನಾನು ಬೀಗ ತೆಗೆದೆ. ಮರದ ಡಿಪೋದಲ್ಲಿ ಏಳು ಇಂಚಿನ ನಾಲ್ಕು ದಿಮ್ಮಿ ಕೊಯ್ಯಿಸಿ, ಮೇಜಿನ ಕಾಲು ಜಾರದಂತೆ ನಡುವೆ ಗುಳಿ ಮಾಡಿಸಿ ತಂದಿದ್ದೆ. ಗ್ಯಾರೇಜಿನವನು ಕಾರು ಎತ್ತುವ ಜಾಕ್ ತಂದು ಒಂದೊಂದೇ ಮೂಲೆ ಎತ್ತಿದ. ನಾನು ಮಂಡಿಯೂರಿ ದಿಮ್ಮಿ ತಳ್ಳಿದೆ. ಅರ್ಧ ಗಂಟೆಯ ಕೆಲಸ. ಇಷ್ಟಕ್ಕೆ ಒಂದು ವರ್ಷ ಬೇಕಾಯಿತಾ ಅಕ್ಕ ಎಂದ ಅವನು. ನಾನು ಅವನಿಗೆ ಕಾಫಿ ತರಿಸಿಕೊಟ್ಟೆ.

ಮರುದಿನ ಬೆಳಿಗ್ಗೆ ನಾನು ಶಟರ್ ಎತ್ತಿದೆ, ಇವರು ಒಳಗೆ ಬಂದವರು ನಿಂತಲ್ಲೇ ನಿಂತರು. ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಮೇಜಿನ ಮೂಲೆ ಹಿಡಿದು ಎತ್ತಿ ದಿಮ್ಮಿ ಒದೆಯಲು ನೋಡಿದರು. ಎತ್ತಲು ಬೆನ್ನು ಬಿಡಬೇಕಲ್ಲ. ಹಲ್ಲು ಕಚ್ಚಿ ಗೋಡೆಗೆ ಒರಗಿದರು. ಗ್ಯಾರೇಜಿನವನನ್ನು ಕೂಗಿದರು. ಅವನು ಬಂದು ಬಾಗಿಲಲ್ಲಿ ನಿಂತು, ಅಕ್ಕ ಹೇಳಿದರೆ ಮಾತ್ರ ಇಳಿಸುತ್ತೇನೆ ಎಂದ. ನಾನು ಸೂಜಿಗೆ ದಾರ ಪೋಣಿಸುತ್ತ ಕೂತಿದ್ದೆ. ದಾರ ಹೋಗುತ್ತಿರಲಿಲ್ಲ.

ಹತ್ತು ಗಂಟೆಗೆ ಭಾವ ಬಂದರು. ಎಂದಿನಂತೆ ಕೈ ತೊಳೆದರು, ಟವೆಲಿನಲ್ಲಿ ಬೆರಳು ಬೆರಳಾಗಿ ಒರೆಸಿಕೊಂಡರು, ಚಾಕ್ ಹಿಡಿದು ಮೇಜಿನ ಹತ್ತಿರ ಬಂದು ಕೈ ಮುಂದೆ ಚಾಚಿದರು. ಕೈ ಹಲಗೆಯ ಅಂಚಿಗೆ ಹೋಗಿ ಬಡಿಯಿತು. ಮೇಜು ಅವರ ಎದೆಯ ಹತ್ತಿರ ಇತ್ತು. ಅವರು ಬಗ್ಗಿ ಕೆಳಗೆ ನೋಡಿದರು. ನಾಲ್ಕೂ ದಿಮ್ಮಿಗಳನ್ನು ಒಂದೊಂದಾಗಿ ನೋಡಿದರು.

"ನೆಲ ತೊಳೆಸೋಕೆ ಅಂತ ಇಟ್ಟಿದ್ದು ಅಣ್ಣ," ಎಂದರು ಇವರು. "ಸಂಜೆ ತೆಗೆಸ್ತೀನಿ."

ಹಾಗೆ ಹೇಳುವಾಗ ಇವರು ಮೇಜಿನ ಆ ಕಡೆ ಎರಡೂ ಅಂಗೈ ಊರಿ ನಿಂತಿದ್ದರು. ಮೇಜು ಏಳು ಇಂಚು ಮೇಲೆ ಬಂದಿತ್ತು. ಆದರೂ ಇವರು ಮೊದಲಿನಷ್ಟೇ ಬಗ್ಗಿದ್ದರು, ತಲೆ ಅಣ್ಣನ ತಲೆಗಿಂತ ಕೆಳಗಿತ್ತು. ಅದನ್ನು ನೋಡಿದ ಮೇಲೆ ನನ್ನಿಂದ ತಡೆಯಲಾಗಲಿಲ್ಲ. ಹಾಕಿದ ಆಣೆ ಗೀಣೆ ಎಲ್ಲ ಮರೆತು ಹೇಳಿಬಿಟ್ಟೆ. ಸ್ಕ್ಯಾನು, ಇಂಜೆಕ್ಷನ್ನು, ಚಪ್ಪಲಿ, ಹೆಬ್ಬೆರಳು, ಮೂರು ವಾರ, ಮೇಜು ಎತ್ತರಿಸಿದವಳು ನಾನೇ ಅನ್ನುವುದನ್ನೂ. ಮಾತಿನ ನಡುವೆ ಅಳುವೂ ಬಂತು. ಇವರು ಸಾಕು ಸುಮ್ಮನಿರು ಎನ್ನುತ್ತಲೇ ಇದ್ದರು.

ಭಾವ ಚಾಕ್ ಕೆಳಗಿಟ್ಟು, ಕಾಲು ತೋರಿಸು ಎಂದರು. ನಲವತ್ತು ದಾಟಿದ ಗಂಡಸು ಚಿಕ್ಕ ಹುಡುಗನ ಹಾಗೆ ಕುರ್ಚಿಯಲ್ಲಿ ಕೂತು ಕಾಲು ಚಾಚಿದರು. ಬೆರಳು ಎತ್ತು ಎಂದರು ಭಾವ. ಅದು ಏಳಲಿಲ್ಲ. ಭಾವ ಆ ಬೆರಳನ್ನು ತನ್ನ ನಡುಗುವ ಕೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಎದ್ದು, ಕನ್ನಡಕ ಜೇಬಿಗಿಟ್ಟುಕೊಂಡು ಹೊರಟುಹೋದರು. ಗೆರೆ ಎಳೆಯಲಿಲ್ಲ. ನನ್ನ ಕಡೆಯೂ ನೋಡಲಿಲ್ಲ.

ಮರುದಿನ ಹತ್ತಾಯಿತು, ಹನ್ನೊಂದಾಯಿತು, ಬರಲಿಲ್ಲ. ಅದರ ಮರುದಿನವೂ ಇಲ್ಲ. ಇವರು ಸಂಜೆ ಅಣ್ಣನ ಮನೆಗೆ ಹೋದರು. ಮೈ ಹುಷಾರಿಲ್ಲ, ಆಮೇಲೆ ಬರುತ್ತೇನೆ ಎಂದು ಭಾವ ಎರಡೇ ಮಾತಾಡಿ ಒಳಗೆ ಹೋದರಂತೆ. ಇನ್ನೊಮ್ಮೆ ಹೋದಾಗ ಮಲಗಿದ್ದಾರೆ ಎಂದು ಅಕ್ಕ ಬಾಗಿಲಲ್ಲೇ ಹೇಳಿ ಕಳಿಸಿದರು. ಆ ಅಕ್ಕ, ಭಾವನ ಹೆಂಡತಿ, ಯಾವತ್ತೂ ನಮ್ಮನ್ನು ಬಾಗಿಲಿಂದ ವಾಪಸ್ ಕಳಿಸಿದವರಲ್ಲ. ಇವರು ಮನೆಗೆ ಬಂದು ನನಗೆ ಒಂದೇ ಮಾತು ಹೇಳಿದರು. ಅಪ್ಪನ ಹಾಗೆ ಸಾಕಿದವನನ್ನು ಅಂಗಡಿಯಿಂದ ಹೊರಗೆ ಹಾಕಿದೆಯಲ್ಲ ಎಂದರು. ಆಮೇಲೆ ಬೇಕಾದಷ್ಟಕ್ಕೆ ಮಾತ್ರ ಮಾತು. ಕಾಜಾ ಆಯಿತಾ, ಆಯಿತು. ಊಟ ಹಾಕು, ಹಾಕಿದೆ. ಮೂರನೇ ಸಲ ಇವರು ಅಣ್ಣನ ಮನೆಗೆ ಹೋಗಲಿಲ್ಲ. ಅಷ್ಟು ಬೇಡದವನಾದರೆ ನಾನೇಕೆ ಹೋಗಲಿ ಎಂದು ಗೋಡೆಗೆ ಹೇಳಿದ ಹಾಗೆ ಹೇಳಿಕೊಂಡರು.

ಹೊಸ ಎತ್ತರಕ್ಕೆ ಮೊದಲ ದಿನ ಕೈ ಒಗ್ಗಲಿಲ್ಲ. ಒಂದು ತೋಳನ್ನು ಬೆರಳಗಲ ತಪ್ಪಾಗಿ ಕತ್ತರಿಸಿದರು. ಇಪ್ಪತ್ತೆಂಟು ವರ್ಷದ ಕೈ, ಯಾವತ್ತೂ ತಪ್ಪಿದ್ದಲ್ಲ. ವಾರದಲ್ಲಿ ಒಗ್ಗಿತು. ಸಿಟ್ಟು ನನ್ನ ಮೇಲಿದ್ದರೂ ವ್ಯಾಯಾಮ ಬಿಡಲಿಲ್ಲ, ಹೆಬ್ಬೆರಳು ಅಷ್ಟು ಹೆದರಿಸಿತ್ತು. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ, ನಡುವೆ ಗಂಟೆಗೊಮ್ಮೆ ಕತ್ತರಿ ಇಟ್ಟು ರಸ್ತೆಯ ಕೊನೆಯವರೆಗೆ ನಡೆದು ಬರುತ್ತಿದ್ದರು. ಬೆಲ್ಟ್ ಬಿಚ್ಚಿಟ್ಟರು, ಮಾತ್ರೆ ಕಡಿಮೆಯಾಯಿತು. ಕಾಲಿಗೆ ಇಳಿದಿದ್ದ ನೋವು ಮಂಡಿಗೆ ಬಂತು, ತೊಡೆಗೆ ಬಂತು, ಆಮೇಲೆ ಸೊಂಟದಲ್ಲಿ ಒಂದು ಕಡೆ ಮಾತ್ರ ಉಳಿಯಿತು. ಮೂರು ವಾರಕ್ಕೆ ಡಾಕ್ಟರು ಬೆರಳಿಗೆ ತಮ್ಮ ಬೆರಳು ಒತ್ತಿ, ಎತ್ತಿ ಎಂದರು. ಎದ್ದಿತು. ಪೂರ್ತಿಯಲ್ಲ, ಆದರೂ ಎದ್ದಿತು. ಈಗ ಕೊಯ್ಯುವ ಮಾತಿಲ್ಲ, ಹೀಗೇ ನಡೆಸಿ ಎಂದರು. ಇವರು ಥ್ಯಾಂಕ್ಸ್ ಎಂದರು. ಹೊರಗೆ ಬಂದು ನಾನು ಅಳುತ್ತಿದ್ದರೆ, ಆಟೋ ಬಂತು ಹತ್ತು ಎಂದರು.

ಭಾವ ಅಂಗಡಿಗೆ ಬಾರದೆ ಒಂದೂವರೆ ತಿಂಗಳಾಯಿತು. ನನಗೂ ಒಂದು ಮಿತಿ ಇದೆ. ಗಂಡನ ಕಾಲು ಉಳಿಸಿದ ತಪ್ಪಿಗೆ ಇಬ್ಬರಿಂದಲೂ ಶಿಕ್ಷೆ ಅಂದರೆ ಇದು ಯಾವ ಊರಿನ ನ್ಯಾಯ? ಹೋಗಿ ಭಾವನ ಮುಂದೆಯೇ ಕೂತು, ನಿಮ್ಮ ತಮ್ಮನ ಕಾಲಿಗಿಂತ ನಿಮ್ಮ ಗೆರೆ ದೊಡ್ಡದಾಯಿತಾ ಎಂದು ಕೇಳಿಯೇ ಬಿಡಬೇಕೆಂದು ಒಂದು ಬೆಳಿಗ್ಗೆ ಹೊರಟೆ. ದಾರಿಯುದ್ದಕ್ಕೂ ಏನೇನು ಅನ್ನಬೇಕು ಅಂತ ಬಾಯಲ್ಲೇ ಹೇಳಿಕೊಂಡು ಹೋದೆ.

ಅಕ್ಕ ಬಾಗಿಲು ತೆರೆದು ನನ್ನ ಮುಖ ನೋಡಿ ಪಕ್ಕಕ್ಕೆ ಸರಿದರು. ಭಾವ ಕಿಟಕಿಯ ಹತ್ತಿರ ಕೂತಿದ್ದರು. ನನ್ನನ್ನು ಕಂಡ ತಕ್ಷಣ ಎದ್ದು, ಅವನ ಕಾಲು ಹೇಗಿದೆ ಎಂದು ಕೇಳಿದರು. ಬೈಯಲು ಬಂದದ್ದೇ ಮರೆತುಹೋಯಿತು. ಬೆರಳು ಎತ್ತುತ್ತಾರೆ, ಕೊಯ್ಯುವುದು ಬೇಡವಂತೆ ಎಂದೆ. ಅವರು ಕೂತು ಕಣ್ಣು ಒರೆಸಿಕೊಂಡರು. ಆ ಹುಡುಗಿ ಏನು ಹೇಳಿಕೊಟ್ಟಳು, ದಿನಾ ಮಾಡುತ್ತಾನಾ, ಎಷ್ಟು ದೂರ ನಡೆಯುತ್ತಾನೆ, ಎಲ್ಲ ಕೇಳಿದರು. ಕೈ ಮಂಡಿಯ ಮೇಲೆ ನಡುಗುತ್ತಲೇ ಇತ್ತು.

"ನನ್ನ ಮೇಲೆ ಸಿಟ್ಟಿಲ್ವಾ ಭಾವ?"

"ನಿನ್ನ ಮೇಲೆ ಯಾಕಮ್ಮ? ಅವನು ಬಗ್ಗೋದು ಇಪ್ಪತ್ತೈದು ವರ್ಷದಿಂದ ನನ್ನ ಕಣ್ಣಿಗೆ ಕಾಣ್ತಿತ್ತು. ದೊಡ್ಡವರ ಮುಂದೆ ತಗ್ಗಿ ನಡೀತಾನೆ ಅಂತ ಒಳಗೊಳಗೇ ಹಿಗ್ಗುತ್ತಿದ್ದೆ. ನಾನು ಮಾಡ್ಬೇಕಾಗಿದ್ದನ್ನ ನೀನು ಮಾಡ್ದೆ."

ಹಾಗಾದರೆ ಬನ್ನಿ, ಈಗಲೇ ನನ್ನ ಜೊತೆ ಹೊರಡಿ ಎಂದೆ. ನಿಮ್ಮ ತಮ್ಮ ನನ್ನೊಡನೆ ನೆಟ್ಟಗೆ ಮಾತಾಡಿ ಎಷ್ಟು ದಿನವಾಯಿತು ಗೊತ್ತಾ ಎಂದು ಕೇಳಿದೆ. ಭಾವ ಬರುವುದಿಲ್ಲ ಎಂದು ತಲೆಯಾಡಿಸಿದರು.

"ಅವತ್ತು ನೀನೂ ನೋಡ್ದೆಯಲ್ಲ. ಮೇಜು ಅಷ್ಟು ಮೇಲೆ ಬಂದಿದ್ರೂ ನನ್ನ ಎದುರಿಗೆ ಬಗ್ಗೇ ನಿಂತಿದ್ದ. ನಾನು ಬಂದು ಕೂತ್ರೆ ಅವನಿಗೆ ಬೆನ್ನು ನೆಟ್ಟಗೆ ಮಾಡೋಕೆ ಬರಲ್ಲ."

ಹಾಗಂತ ಅವರಿಗೆ ಹೇಳಿಬಿಡುತ್ತೇನೆ ಎಂದು ನಾನು ಎದ್ದೆ.

"ಹೇಳ್ಬೇಡ," ಎಂದರು ಭಾವ. "ಹೇಳಿದ್ರೆ ನಾಳೆನೇ ಬಂದು ಕೈ ಹಿಡಿದು ಕರ್ಕೊಂಡು ಹೋಗ್ತಾನೆ. ಮತ್ತೆ ಬಗ್ತಾನೆ. ಸಿಟ್ಟಲ್ಲೇ ಇರ್ಲಿ ಬಿಡು. ನನ್ನ ಮೇಲೆ ಸಿಟ್ಟಿದ್ರೆ ನೆಟ್ಟಗೆ ನಿಲ್ತಾನೆ."

ಅಕ್ಕ ಕಾಫಿ ತಂದರು. ಕುಡಿದೆನೋ ಇಲ್ಲವೋ ನೆನಪಿಲ್ಲ.

ಅಂಗಡಿಗೆ ಬಂದಾಗ ಇವರು ಒಂದು ಕೋಟಿನ ಬಟ್ಟೆ ಹಾಸಿಕೊಂಡಿದ್ದರು. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರು. ಗುಂಡಿ ತರಲು ಎಂದೆ. ನನ್ನ ಕೈಯಲ್ಲಿ ಗುಂಡಿ ಇರಲಿಲ್ಲ. ಇವರು ತಿರುಗಿಯೂ ನೋಡಲಿಲ್ಲ, ನನಗೆ ಬೆನ್ನು ಮಾಡಿ ನೆಟ್ಟಗೆ ನಿಂತು ಕತ್ತರಿಸುತ್ತಿದ್ದರು.